ವಿಮಾನಕ್ಕೆ ಅಂಟಿಸಿದ ಚೀಟಿ

ಗುಂಪು: ಅಜ್ಜಿಮನೆ ಬಳಗ

ಸುಧಾ ಅತ್ತೆ: (ಫೋಟೊ) ನಿಖಿಲ್ ಸ್ಟೇಟಸ್‌ನಲ್ಲಿ ಹಾಕಿದ್ದು. ಸ್ವಿಚ್ಚಿನ ಪಕ್ಕ ಚೀಟಿ ನೋಡಿ, 'ಇನಾಪರೇಟಿವ್' ಅಂತ, ಅಂದರೆ ಕೆಲಸ ಮಾಡಲ್ಲ. ಕೆಟ್ಟುಹೋದ ವಿಮಾನದಲ್ಲಿ ಹುಡುಗ ಕಲಿಯುತ್ತಿದ್ದಾನೆ!

ನಿಖಿಲ್: ಅತ್ತೆ, ಅದು ಲ್ಯಾಂಡಿಂಗ್ ಲೈಟು, ಇಳಿಯುವಾಗ ರನ್‌ವೇಗೆ ಬೆಳಕು ಬಿಡೋದು. ಅರಿಜೋನಾದ ಬಿಸಿಲಲ್ಲಿ ಅದು ಯಾಕೆ?

ರಘು ಮಾವ: ಕೆಟ್ಟರೆ ರಿಪೇರಿ ಮಾಡಿಸಬೇಕು. ಚೀಟಿ ಅಂಟಿಸುತ್ತಾರಾ? ನಾಳೆ ಇಂಜಿನ್ ಮೇಲೂ ಅಂಟಿಸುತ್ತಾರೆ.

ನಿಖಿಲ್: ಅಂಟಿಸಲೇಬೇಕು ಮಾವ. ಅಮೆರಿಕದ ವಿಮಾನ ಹಾರಾಟದ 91.213 ನಿಯಮ. ಕೆಟ್ಟದ್ದನ್ನು ಬಿಚ್ಚಬೇಕು, ಇಲ್ಲ ಸಂಪರ್ಕ ತಪ್ಪಿಸಿ ಚೀಟಿ ಹಾಕಬೇಕು. ಮೆಕ್ಯಾನಿಕ್ ವೈರ್ ಬಿಚ್ಚಿ ಲಾಗ್‌ಬುಕ್‌ನಲ್ಲಿ ಬರೆದಿದ್ದಾರೆ. ರಾತ್ರಿ ದುಡ್ಡು ತಗೊಂಡು ಹಾರಿಸೋದಕ್ಕೆ ಆ ಲೈಟು ಬೇಕೇ ಬೇಕು, ಹಗಲಿಗೆ ಬೇಡ. ವೇಗ, ಎತ್ತರ, ದಿಕ್ಸೂಚಿ, ಆಯಿಲ್ ಒತ್ತಡ, ಪ್ರತಿ ಟ್ಯಾಂಕಿನ ಇಂಧನದ ಮುಳ್ಳು, ಇವುಗಳಲ್ಲಿ ಒಂದು ಕೆಟ್ಟರೂ ಹಗಲಲ್ಲೂ ಹಾರುವ ಹಾಗಿಲ್ಲ. ನೂರು ಚೀಟಿ ಅಂಟಿಸಿದರೂ ಅಷ್ಟೇ.

ರಘು ಮಾವ: ಮುಳ್ಳಾ? ನನ್ನ ಲಾರಿಯಲ್ಲಿ ಹನ್ನೆರಡು ವರ್ಷ ಡೀಸೆಲ್ ಮುಳ್ಳು ಅಲ್ಲಾಡಲಿಲ್ಲ. ಕೋಲು ಅದ್ದಿ ನೋಡುತ್ತಿದ್ದೆ. ಒಂದು ದಿನವೂ ದಾರಿಯಲ್ಲಿ ನಿಂತಿಲ್ಲ.

ಸುಧಾ ಅತ್ತೆ: ಶಿರಾ ಹತ್ತಿರ ನಿಂತಿದ್ದು ಮರೆತುಹೋಯಿತಾ? ಮಗು ಎತ್ತಿಕೊಂಡು ಒಂದೂವರೆ ಗಂಟೆ ಹುಣಸೆಮರದ ಕೆಳಗೆ ಕೂತಿದ್ದೆ.

ರಘು ಮಾವ: ಅದು ಪೈಪು ಸೋರಿದ್ದು. ಲೆಕ್ಕಕ್ಕಿಲ್ಲ.

ನಿಖಿಲ್: ಅಲ್ಲೇ ಇರೋದು ಲೆಕ್ಕ ಮಾವ! ನಾವೂ ಅದ್ದುತ್ತೇವೆ. ರೆಕ್ಕೆ ಮೇಲಿನ ಮುಚ್ಚಳ ತೆಗೆದು ಗೀಟು ಹಾಕಿದ ಕೊಳವೆ ಇಳಿಸುತ್ತೇವೆ, ತುದಿಗೆ ಬೆರಳೊತ್ತಿ ಎತ್ತುತ್ತೇವೆ. ಎಷ್ಟು ಇಂಧನ ಅನ್ನೋದಕ್ಕೆ ಮುಳ್ಳಿಗಿಂತ ಅದನ್ನೇ ನಂಬೋದು. ಆದರೆ ಮುಚ್ಚಳ ಸರಿಯಾಗಿ ಕೂರದಿದ್ದರೆ ಹಾರುವಾಗ ಇಂಧನ ಹೊರಗೆ ಹೀರಿಹೋಗುತ್ತದೆ. ಮೇಲೆ ಕೋಲು ಅದ್ದೋದಕ್ಕಾಗಲ್ವಲ್ಲ. ಆಗ ಮುಳ್ಳೇ ಗತಿ.

ರಘು ಮಾವ: ಹ್ಞೂಂ. ಅದು ಸರಿ. ಆದರೆ ಯಾವುದು ಬೇಡ ಅಂತ ಹೇಳೋದು ಯಾರು? ವಿಮಾನ ಬಾಡಿಗೆ ಕೊಡುವವನಾ?

ನಿಖಿಲ್: ಮೊದಲು ನಿಯಮ, ಆಮೇಲೆ ಆ ವಿಮಾನದ್ದೇ ಸಲಕರಣೆ ಪಟ್ಟಿ. ಎರಡರಲ್ಲೂ ಅದು ಕಡ್ಡಾಯ ಅಲ್ಲದಿದ್ದರೆ, ಪೈಲಟ್ ಅಥವಾ ಮೆಕ್ಯಾನಿಕ್ ನೋಡಿ ಅಪಾಯ ಇಲ್ಲ ಅನ್ನಬೇಕು. ಕೊನೆಗೆ ತಪ್ಪಾದರೆ ಹಾರಿಸಿದವನನ್ನೇ ಕೇಳುತ್ತಾರೆ.

ಸುಧಾ ಅತ್ತೆ: ಆಯ್ತು ಕಣೋ. ಲೈಸೆನ್ಸ್ ಬಂದ ಮೇಲೆ ನಮ್ಮ ಮೂವರನ್ನೂ ಕೂರಿಸಿಕೊಂಡು ಹೋಗು.

ನಿಖಿಲ್: ಸೀಟು ನಾಲ್ಕಿದೆ ಅಂತ ನಾಲ್ಕು ಜನ ಕೂರೋದಕ್ಕಾಗಲ್ಲ ಅತ್ತೆ. ನಮ್ಮ ಈ ವಿಮಾನ, ಸೆಸ್ನಾ 172ಎನ್, ಒಟ್ಟು ತೂಕ 1,043 ಕೆಜಿ ದಾಟುವಂತಿಲ್ಲ. ಟ್ಯಾಂಕ್ ತುಂಬಿಸಿದರೆ ಇಂಧನವೇ ಸುಮಾರು 110 ಕೆಜಿ. ಎಲ್ಲರೂ ತೂಕ ಕಳಿಸಿ. ನಿಜವಾದದ್ದು.

ಸುಧಾ ಅತ್ತೆ: ಚಟ್ನಿಪುಡಿ ಡಬ್ಬ ಸೇರಿಸಿಯೋ, ಬಿಟ್ಟೋ?