ಅಪ್ಪನ ಹೆಡ್‌ಫೋನ್‌ಗೆ 6000 ರೂಪಾಯಿ: ಆಂಪ್, ಈಕ್ವಲೈಜರ್ ಎಲ್ಲ ಬೇಕಾ?

ಹುಬ್ಬಳ್ಳಿ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ 68 ವರ್ಷ, ಮೇಷ್ಟ್ರಾಗಿ ರಿಟೈರ್ ಆದವರು. ಬೆಳಗ್ಗೆ ಐದಕ್ಕೆ ಎದ್ದು, ತಾವೇ ಚಹಾ ಮಾಡಿಕೊಂಡು, ಹಿಂದೂಸ್ತಾನಿ ಸಂಗೀತ ಕೇಳುತ್ತಾ ಕೂರುತ್ತಾರೆ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಇವರನ್ನು ಬಿಟ್ಟು ಬೇರೆ ಜಾಸ್ತಿ ಕೇಳುವುದಿಲ್ಲ. ಅರ್ಧ ಯೂಟ್ಯೂಬ್‌ನಲ್ಲಿ ಕೇಳುತ್ತಾರೆ. ಇನ್ನರ್ಧ ಅವರೇ ಎಷ್ಟೋ ವರ್ಷದ ಹಿಂದೆ ಧಾರವಾಡ ಆಕಾಶವಾಣಿಯಿಂದ ಟೇಪ್ ಮಾಡಿಟ್ಟುಕೊಂಡ ಕ್ಯಾಸೆಟ್‌ಗಳು. ಅವನ್ನು ಹೋದ ವರ್ಷ ನಾನೇ ಲ್ಯಾಪ್‌ಟಾಪ್‌ಗೆ ಹಾಕಿ, ಎಂಪಿ3 ಮಾಡಿ, ಅವರ ಫೋನಿಗೆ ತುಂಬಿ ಕೊಟ್ಟಿದ್ದೇನೆ.

ಈಗ ತೊಂದರೆ ಏನೆಂದರೆ ಅಮ್ಮ ಅದೇ ಕೋಣೆಯಲ್ಲಿ ಮಲಗಿರುತ್ತಾರೆ. ಅವರಿಗೆ ಎಚ್ಚರವಾಗುತ್ತದೆ ಅಂತ ಅಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು ಕೇಳುತ್ತಾರೆ. ನೋಡಲಾಗದೆ ಒಂದು ಅಂಗಡಿಯಲ್ಲಿ 1500 ಕೊಟ್ಟು ಹೆಡ್‌ಫೋನ್ ತಂದೆ. ಡಬ್ಬದ ಮೇಲೆ ದೊಡ್ಡದಾಗಿ ಎಕ್ಸ್‌ಟ್ರಾ ಬೇಸ್ ಅಂತ ಇತ್ತು. ಅಪ್ಪ ಹತ್ತು ನಿಮಿಷ ಕೇಳಿ ತೆಗೆದು ಕಿಟಕಿ ಸರಳಿಗೆ ನೇತು ಹಾಕಿದರು. "ತಂಬೂರಿ ಎಲ್ಲಿ ಹೋಯಿತು?" ಅಂದರು. ನಾನೂ ಹಾಕಿಕೊಂಡು ನೋಡಿದೆ. ತಬಲಾದ ಡಗ್ಗಾ ಪಕ್ಕದ ಮನೆಯ ಗೋಡೆ ಗುದ್ದಿದ ಹಾಗೆ ಕೇಳುತ್ತಿತ್ತು, ಗಂಗೂಬಾಯಿಯವರ ದನಿ ಕೊಡದೊಳಗಿಂದ ಬಂದ ಹಾಗೆ.

ವಾಪಸ್ ಅಂಗಡಿಗೆ ಹೋದರೆ "ಇದಕ್ಕೆ ಒಂದು ಆಂಪ್ ಹಾಕಬೇಕು, ಜೊತೆಗೆ ಈಕ್ವಲೈಜರ್ ಡಬ್ಬಿ ತಗೊಳ್ಳಿ, ಎಲ್ಲ ಸರಿ ಹೋಗುತ್ತದೆ" ಅಂದರು. ಆಂಪ್ ಅಂದರೆ ಸೌಂಡ್ ದೊಡ್ಡದು ಮಾಡುವುದು, ಈಕ್ವಲೈಜರ್ ಅಂದರೆ ಬೇಸ್, ಟ್ರೆಬಲ್ ಬೇರೆ ಬೇರೆಯಾಗಿ ಏರಿಸಿ ಇಳಿಸುವುದು ಅಂತೆ. ನನ್ನ ಹತ್ತಿರ ಈಗ 6000 ಇದೆ, ಅದರ ಮೇಲೆ ಒಂದು ರೂಪಾಯಿಯೂ ಆಗುವುದಿಲ್ಲ. ಹೊಸ ಹೆಡ್‌ಫೋನ್, ಆಂಪ್, ಈಕ್ವಲೈಜರ್ ಮೂರಕ್ಕೂ ಎರಡೆರಡು ಸಾವಿರ ಹಂಚಲೇ?

ಇನ್ನಷ್ಟು ವಿವರ: ಆಂಡ್ರಾಯ್ಡ್ ಫೋನ್, ಹೆಡ್‌ಫೋನ್ ತೂತು ಇಲ್ಲ. ಅಪ್ಪ ಕನ್ನಡಕ ಹಾಕುತ್ತಾರೆ. ಕೆಲವು ಕ್ಯಾಸೆಟ್ ಎಡ ಕಿವಿಯಲ್ಲಿ ಮಾತ್ರ ಕೇಳುತ್ತವೆ. ಇತ್ತೀಚೆಗೆ ಟಿವಿ ಸೌಂಡೂ ಜಾಸ್ತಿ ಇಡುತ್ತಾರೆ.

ಎಸ್‌ಪಿ ರೋಡ್ ಗಿರಾಕಿ:

ಹಂಚಬೇಡಿ ಮೇಡಂ. ದುಡ್ಡೆಲ್ಲ ಹೆಡ್‌ಫೋನ್‌ಗೇ ಹೋಗಲಿ. ಈಕ್ವಲೈಜರ್ ಫೋನಿನಲ್ಲೇ ಬಿಟ್ಟಿ ಸಿಗುತ್ತದೆ, ಆಂಪ್ ನಿಮಗೆ ಬೇಕಾಗಿಲ್ಲ.

ಆಂಪ್ ಮಾಡುವ ಕೆಲಸ ಒಂದೇ, ಸೌಂಡ್ ದೊಡ್ಡದು ಮಾಡುವುದು. ಹೆಡ್‌ಫೋನ್ ತಂಬೂರಿಯನ್ನು ನುಂಗಿ ಹಾಕಿದ್ದರೆ ಆಂಪ್ ಹಾಕಿದ ಮೇಲೂ ನುಂಗಿಯೇ ಇರುತ್ತದೆ, ಡಗ್ಗಾ ಮಾತ್ರ ಇನ್ನೂ ಜೋರಾಗುತ್ತದೆ. ನಿಮಗೆ ಸೌಂಡ್ ಸಾಲದೆ ಬಂದ ತೊಂದರೆ ಅಲ್ವಲ್ಲ ಇದು.

ಫೋನಿಗೆ ತೂತು ಇಲ್ಲ ಅಂದಿರಿ, ಅದಕ್ಕೆ ಟೈಪ್-ಸಿ ಡಾಂಗಲ್ ಬೇಕು. ಗೇಣುದ್ದದ ವೈರ್ ಅಷ್ಟೇ, ಆದರೆ ಅದರ ಪಿನ್ನಿನೊಳಗೆ ಡ್ಯಾಕ್ (ಡಿಜಿಟಲ್ ಫೈಲನ್ನು ಸೌಂಡ್ ಮಾಡುವ ಚಿಪ್) ಮತ್ತು ಸಣ್ಣ ಆಂಪ್ ಎರಡೂ ಕೂತಿರುತ್ತವೆ. ಕೊಳ್ಳುವಾಗ ಒಳಗೆ ಡ್ಯಾಕ್ ಇದೆಯಾ ಅಂತ ಕೇಳಿಯೇ ತಗೊಳ್ಳಿ. ಡ್ಯಾಕ್ ಇಲ್ಲದ ಅಗ್ಗದ ಕನೆಕ್ಟರ್ ಎಷ್ಟೋ ಫೋನಿನಲ್ಲಿ ಕೆಲಸವೇ ಮಾಡುವುದಿಲ್ಲ. ಆಪಲ್ ಡಾಂಗಲ್ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ, ನಿಜವೇ, ಆದರೆ ಕೆಲವು ಆಂಡ್ರಾಯ್ಡ್ ಫೋನಿನಲ್ಲಿ ಅದರ ಸೌಂಡ್ ತುಂಬಾ ಕಡಿಮೆ ಬರುತ್ತದೆ. ಅಪ್ಪನ ಫೋನಿಗೇ ಚುಚ್ಚಿ ನೋಡಿ ತಗೊಳ್ಳಿ.

ಹೆಡ್‌ಫೋನ್‌ಗೆ ನನ್ನ ಮಾತು ಆಡಿಯೊ-ಟೆಕ್ನಿಕಾ ಎಟಿಎಚ್-ಎಂ20ಎಕ್ಸ್. ಹಿಂಭಾಗ ಮುಚ್ಚಿದ್ದು, ಹಾಗಾಗಿ ಅಮ್ಮನ ನಿದ್ದೆಗೆ ತೊಂದರೆ ಇಲ್ಲ. ತೂಕ 190 ಗ್ರಾಂ. ಕರೆಂಟಿಗೆ ಒಡ್ಡುವ ತಡೆ 47 ಓಮ್, ಒಂದು ಮಿಲಿವ್ಯಾಟ್ ಪವರ್‌ಗೆ ಬರುವ ಸೌಂಡ್ 96 ಡೆಸಿಬಲ್. ಈಗ ಲೆಕ್ಕ ನೋಡಿ. ಡಾಂಗಲ್ ಜೋರು ಅಂದರೆ 1 ವೋಲ್ಟ್ ಕೊಡುತ್ತದೆ ಅಂದುಕೊಳ್ಳೋಣ. 1 ವೋಲ್ಟನ್ನು ವರ್ಗ ಮಾಡಿ 47ರಿಂದ ಭಾಗಿಸಿದರೆ ಸುಮಾರು 21 ಮಿಲಿವ್ಯಾಟ್. 21 ಪಟ್ಟು ಅಂದರೆ 13 ಡೆಸಿಬಲ್ ಜಾಸ್ತಿ. ಒಟ್ಟು 109. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬಲ್‌ನಲ್ಲಿ. ಇದರ ಮೇಲೆ ಆಂಪ್ ಯಾಕೆ ಬೇಕು ಹೇಳಿ.

ಕೊರತೆಯೂ ಹೇಳಿಬಿಡುತ್ತೇನೆ. ವೈರ್ ಮೂರು ಮೀಟರ್ ಉದ್ದ, ಬಿಚ್ಚಲು ಬರುವುದಿಲ್ಲ. ಅಪ್ಪ ಚಹಾ ಲೋಟ ಇಡಲು ಎದ್ದಾಗ ಕಾಲಿಗೆ ಸಿಕ್ಕಬಾರದು, ಅರ್ಧ ಸುತ್ತಿ ವೆಲ್ಕ್ರೋ ಪಟ್ಟಿ ಹಾಕಿಬಿಡಿ. ಮತ್ತೆ ಕಪ್ ಸ್ವಲ್ಪ ಚಿಕ್ಕದು. ಕಿವಿ ದೊಡ್ಡದಿದ್ದವರಿಗೆ ಒಂದು ಗಂಟೆಯಾದ ಮೇಲೆ ಒತ್ತುತ್ತದೆ.

250 ಓಮ್ ಅಭಿಮಾನಿ:

ಗಿರಾಕಿ ಅವರೇ, ಆಂಪ್ ಬೇಡವೇ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನನ್ನದು ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ, 250 ಓಮ್. ನಿಮ್ಮದೇ ಲೆಕ್ಕ ಹಾಕಿ, 1 ವೋಲ್ಟಿಗೆ ಬರುವುದು 4 ಮಿಲಿವ್ಯಾಟ್ ಮಾತ್ರ, ಅಂದರೆ ಜಾಸ್ತಿ ಅಂದರೆ 102 ಡೆಸಿಬಲ್. ಇದು ಪೂರ್ತಿ ಜೋರಾಗಿ ರೆಕಾರ್ಡ್ ಆದ ಹಾಡಿಗೆ. ಮನೆಯಲ್ಲಿ ಟೇಪ್‌ನಿಂದ ಇಳಿಸಿಕೊಂಡ ಫೈಲು 12 ಡೆಸಿಬಲ್ ಕೆಳಗೂ ಇರಬಹುದು. ಈಕ್ವಲೈಜರ್‌ನಲ್ಲಿ ಏನಾದರೂ 6 ಏರಿಸಬೇಕಾದರೆ ದನಿ ಒಡೆಯಬಾರದು ಅಂತ ಮೊದಲು ಒಟ್ಟು ಸೌಂಡನ್ನು 6 ಇಳಿಸಬೇಕು. 102ರಲ್ಲಿ 18 ಹೋಯಿತು, ಉಳಿದದ್ದು 84. ಅದು ಡಗ್ಗಾದ ಏಟಿಗೆ. ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ಮೆಲ್ಲಗೆ ಹಾಡುವ ಜಾಗಗಳು ಅದಕ್ಕಿಂತ ಎಷ್ಟೋ ಕೆಳಗೆ ಇರುತ್ತವೆ. ಅಲ್ಲಿ ನನಗೆ ಸಾಲಲಿಲ್ಲ, ಆಂಪ್ ತಗೊಂಡೆ, ಸರಿ ಹೋಯಿತು.

ಇನ್ನೊಂದು ಮಾತು. ಮನೆಯಲ್ಲಿ ಹಳೆ ಸ್ಟೀರಿಯೊ ಸೆಟ್ ಇದ್ದರೆ ಅದರ ಹೆಡ್‌ಫೋನ್ ತೂತನ್ನು ಆಂಪ್ ಅಂದುಕೊಂಡು ಬಳಸಬೇಡಿ. ಎಷ್ಟೋ ಸೆಟ್‌ಗಳಲ್ಲಿ ಆ ತೂತಿನ ಹಿಂದೆ ನೂರಕ್ಕೂ ಹೆಚ್ಚು ಓಮ್‌ನ ರೆಸಿಸ್ಟರ್ ಕೂರಿಸಿರುತ್ತಾರೆ. ಓಮ್ ಕಡಿಮೆ ಇರುವ ಹೆಡ್‌ಫೋನ್ ಚುಚ್ಚಿದರೆ ಬೇಸ್ ಉಬ್ಬಿಕೊಳ್ಳಬಹುದು. ನಿಮಗೆ ಮತ್ತೆ ಅದೇ ಕೊಡದೊಳಗಿನ ದನಿ.

ಎಸ್‌ಪಿ ರೋಡ್ ಗಿರಾಕಿ:

ನಿಮ್ಮ ಲೆಕ್ಕ ಸರಿ ಇದೆ ಸರ್. 250 ಓಮ್‌ಗೆ ಆಂಪ್ ಬೇಕು, ಒಪ್ಪಿದೆ. ಅದಕ್ಕೇ 6000 ಬಜೆಟ್‌ನಲ್ಲಿ ಆಂಪ್ ಕೇಳದ ಹೆಡ್‌ಫೋನ್ ಆರಿಸಬೇಕು ಅನ್ನುವುದು. ಎಂ20ಎಕ್ಸ್‌ನಲ್ಲಿ ಅದೇ 18 ಕಳೆದರೂ 91 ಉಳಿಯುತ್ತದೆ. ಇನ್ನು ಫೈಲೇ ಕೆಳಗಿದ್ದರೆ ಅದನ್ನೇ ಎತ್ತಿಬಿಡಬಹುದು. ಆಡಾಸಿಟಿ ಬಿಟ್ಟಿ ಸಾಫ್ಟ್‌ವೇರ್, ಅದರಲ್ಲಿ ತೆರೆದು ನಾರ್ಮಲೈಸ್ (ಇಡೀ ಫೈಲಿನ ಸೌಂಡ್ ಎತ್ತುವುದು) ಒತ್ತಿ, ಮೈನಸ್ 1 ಡೆಸಿಬಲ್ ಕೊಟ್ಟು ಸೇವ್ ಮಾಡಿ. ಅರ್ಧ ಗಂಟೆಯ ಕ್ಯಾಸೆಟ್‌ಗೆ ಒಂದು ನಿಮಿಷದ ಕೆಲಸ.

ಕ್ಯಾಸೆಟ್ ಕಾಕಾ:

ತಂಗಿ, ನಾನು ಮೂವತ್ತು ವರ್ಷ ಟೇಪ್ ರೆಕಾರ್ಡರ್ ರಿಪೇರಿ ಮಾಡಿದವನು. ಈಕ್ವಲೈಜರ್ ಡಬ್ಬಿಗೆ ದುಡ್ಡು ಹಾಕಬೇಡ. ಅಂಗಡಿಯವರು ತೋರಿಸುವ ಆ ಡಬ್ಬಿ ಹೆಚ್ಚಾಗಿ ಕಾರಿನ ಸ್ಪೀಕರ್‌ಗೆ, ಮನೆಯ ಸೆಟ್‌ಗೆ ಆಗುವಂಥದ್ದು. ಅದಕ್ಕೆ ಬೇರೆ ಕರೆಂಟ್ ಬೇಕು, ಬೇರೆ ವೈರ್ ಬೇಕು, ಬೆಳಗ್ಗೆ ಐದಕ್ಕೆ ನಿಮ್ಮಪ್ಪ ಅದನ್ನೆಲ್ಲ ಜೋಡಿಸಿಕೊಂಡು ಕೂರಬೇಕಾ?

ಫೋನಿನಲ್ಲಿ ವೇವ್‌ಲೆಟ್ ಅಂತ ಆ್ಯಪ್ ಇದೆ, ಹಾಕಿಕೊಡು. ಅದರಲ್ಲಿ ಆಟೋಈಕ್ಯು ಅನ್ನುವ ಜಾಗದಲ್ಲಿ ಹೆಡ್‌ಫೋನ್ ಹೆಸರು ಹುಡುಕಿದರೆ ಅಳತೆ ಮಾಡಿ ತಯಾರಿಸಿದ ತಿದ್ದುಪಡಿ ಸಿಗುತ್ತದೆ, ಆರಿಸಿಕೊಂಡರೆ ಆಯಿತು. ಲ್ಯಾಪ್‌ಟಾಪ್‌ನಲ್ಲಾದರೆ ಈಕ್ವಲೈಜರ್ ಎಪಿಒ ಅನ್ನುವ ಸಾಫ್ಟ್‌ವೇರ್. ಎರಡಕ್ಕೂ ದುಡ್ಡಿಲ್ಲ.

ಇನ್ನು ರೇಡಿಯೊದಿಂದ ತುಂಬಿಸಿದ ಕ್ಯಾಸೆಟ್ ವಿಚಾರ. ಮೀಡಿಯಂ ವೇವ್ ರೇಡಿಯೊದಲ್ಲಿ 5 ಕಿಲೋಹರ್ಟ್ಸ್‌ಗಿಂತ (ಹರ್ಟ್ಸ್ ಅಂದರೆ ದನಿಯ ಎತ್ತರದ ಅಳತೆ) ಮೇಲೆ ಸಂಗೀತ ಹೆಚ್ಚೇನೂ ಬರುವುದಿಲ್ಲ. ಅಲ್ಲಿಂದ ಮೇಲೆ ನೀನು ಕೇಳುವುದು ಬರೀ ಟೇಪಿನ ಸುಯ್ ಸದ್ದು. ಅದಕ್ಕೇ 8 ಮತ್ತು 16 ಕಿಲೋಹರ್ಟ್ಸ್ ಪಟ್ಟಿಗಳನ್ನು ಧೈರ್ಯವಾಗಿ ಕೆಳಗಿಳಿಸು, ಹಾಡಿಗೆ ನಷ್ಟವಿಲ್ಲ. 2 ಕಿಲೋಹರ್ಟ್ಸ್ ಹತ್ತಿರ ಎರಡು ಮೂರು ಡೆಸಿಬಲ್ ಏರಿಸಿದರೆ ಮಾತು ಬಿಡಿಸಿ ಕೇಳುತ್ತದೆ. ಕೆಳಗೆ ಗುಂಯ್ ಅಂತ ಒಂದೇ ಸಮ ಕೇಳುತ್ತಿದ್ದರೆ ಅದು 50 ಹರ್ಟ್ಸ್ ಕರೆಂಟಿನ ಸದ್ದು. ಅದನ್ನು ಆಡಾಸಿಟಿಯಲ್ಲಿ ನಾಚ್ ಫಿಲ್ಟರ್ ಹಾಕಿ 50ರಲ್ಲೂ 100ರಲ್ಲೂ ಸಣ್ಣಗೆ ಕತ್ತರಿಸು. ಅಗಲವಾಗಿ ಕತ್ತರಿಸಬೇಡ, ಡಗ್ಗಾದ ಗುಮ್ಮೆನ್ನುವ ಜೀವವೂ ಅಲ್ಲೇ ಇರುತ್ತದೆ. ಗಂಗೂಬಾಯಿಯವರ ದನಿ ಎಷ್ಟು ಗಡಸು, ಎಷ್ಟು ಆಳ ಅಂತ ನಿನಗೇ ಗೊತ್ತು. 200 ಹರ್ಟ್ಸ್ ಸುತ್ತಮುತ್ತ ಹೆಡ್‌ಫೋನ್ ಉಬ್ಬಿದ್ದರೆ ಮೊದಲು ಕೆಡುವುದು ಆ ದನಿಯೇ.

ಆದರೆ ಇದಕ್ಕೆಲ್ಲ ಮೊದಲು ಒಂದು ಕೇಳುತ್ತೇನೆ. ಇಳಿಸುವಾಗ ಟೇಪ್ ರೆಕಾರ್ಡರ್‌ನ ಹೆಡ್, ಅಂದರೆ ಟೇಪ್ ತಾಗಿಕೊಂಡು ಓಡುವ ಭಾಗ, ಒರೆಸಿದ್ದೆಯಾ? ಅಜಿಮತ್, ಅಂದರೆ ಹೆಡ್ ಟೇಪಿಗೆ ನೆಟ್ಟಗೆ ಕೂತಿದೆಯಾ ಅಂತ, ನೋಡಿದ್ದೆಯಾ? ತಂಬೂರಿ ಹೋಗಿದ್ದು ಅಲ್ಲೇ ಇರಬಹುದು. ಟೇಪ್ ತುಂಬಿದ ಮಿಷನ್ನಿನ ಹೆಡ್ಡಿಗೂ ಈಗ ಓಡಿಸುವ ಮಿಷನ್ನಿನ ಹೆಡ್ಡಿಗೂ ಕೂದಲೆಳೆಯಷ್ಟು ಓರೆ ಇದ್ದರೂ ಮೇಲಿನ ದನಿಯೆಲ್ಲ ಮಾಯ. ಆಮೇಲೆ ಯಾವ ಈಕ್ವಲೈಜರ್ ಹಾಕಿದರೂ ಅದು ಬರುವುದಿಲ್ಲ, ಇಲ್ಲದ್ದನ್ನು ಏರಿಸುವುದು ಹೇಗೆ? ಹತ್ತಿಗೆ ಐಸೊಪ್ರೊಪೈಲ್ ಸ್ಪಿರಿಟ್ ಹಚ್ಚಿ ಹೆಡ್ ಒರೆಸು, ಹತ್ತಿ ಕಂದು ಬಣ್ಣಕ್ಕೆ ತಿರುಗುವುದು ನಿಲ್ಲುವವರೆಗೆ ಒರೆಸು. ಹೆಡ್ಡಿನ ಎರಡು ಪಕ್ಕದಲ್ಲಿ ಸ್ಕ್ರೂ ಇರುತ್ತವೆ. ಅದರಲ್ಲಿ ಕೆಳಗೆ ಸ್ಪ್ರಿಂಗ್ ಇರುವುದೇ ಅಜಿಮತ್ ಸ್ಕ್ರೂ. ಟೇಪ್ ಓಡುತ್ತಿರುವಾಗ ಸಣ್ಣ ಸ್ಕ್ರೂಡ್ರೈವರ್‌ನಿಂದ ಕಾಲು ಸುತ್ತಿಗಿಂತ ಕಡಿಮೆ ಆ ಕಡೆ ಈ ಕಡೆ ತಿರುಗಿಸು. ದನಿ ಎಲ್ಲಿ ಅತಿ ಚುರುಕಾಗುತ್ತದೋ ಅಲ್ಲಿ ಬಿಡು. ಮ್ಯಾಗ್ನೆಟ್ ತುದಿಯ ಸ್ಕ್ರೂಡ್ರೈವರ್ ಮಾತ್ರ ಹತ್ತಿರ ತರಬೇಡ.

ಎಡ ಕಿವಿಯಲ್ಲಿ ಮಾತ್ರ ಬರುವುದಕ್ಕೆ ಚಿಂತೆ ಬೇಡ. ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೋನೋ ಆಡಿಯೊ ಆನ್ ಮಾಡು, ಎರಡೂ ಕಿವಿಗೆ ಬರುತ್ತದೆ. ಆ ಕಾಲದ ರೇಡಿಯೊ ಪ್ರಸಾರವೇ ಮೋನೋ, ಏನೂ ಕಳೆದುಕೊಳ್ಳುವುದಿಲ್ಲ.

ಮೈಸೂರು ಶ್ರವಣ:

ಟಿವಿ ಸೌಂಡ್ ಜಾಸ್ತಿ ಇಡುತ್ತಾರೆ ಅಂದಿರಲ್ಲ, ಯಾರೂ ಅದನ್ನು ಹಿಡಿಯಲಿಲ್ಲ. ವಯಸ್ಸಾದಂತೆ ಮೊದಲು ಕಡಿಮೆಯಾಗುವುದು ಮೇಲಿನ ದನಿಗಳೇ. ತಂಬೂರಿ ಮಂಕಾಗಲು ಅದೂ ಒಂದು ಕಾರಣ ಇರಬಹುದು. ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿ. ಕೋಣೆಯಲ್ಲಿ ಕೂರಿಸಿ ಸಾಮಾನ್ಯವಾಗಿ 250ರಿಂದ 8000 ಹರ್ಟ್ಸ್‌ವರೆಗೆ ಒಂದೊಂದೇ ದನಿ ಕೇಳಿಸಿ ಪ್ರತಿ ಕಿವಿಗೂ ಗ್ರಾಫ್ ಬರೆದು ಕೊಡುತ್ತಾರೆ. ನೋವಿಲ್ಲ, ಜಾಸ್ತಿ ಹೊತ್ತೂ ಹಿಡಿಯುವುದಿಲ್ಲ. ಮೈಸೂರಿನ ಕಡೆ ಬಂದರೆ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ನಿಮ್ಮೂರಲ್ಲೂ ಇಎನ್‌ಟಿ ಡಾಕ್ಟರ ಹತ್ತಿರ ಆಗುತ್ತದೆ. ಆ ಗ್ರಾಫ್ ನೋಡದೆ ಸುಮ್ನೆ ಟ್ರೆಬಲ್ ಏರಿಸುತ್ತಾ ಹೋಗಬೇಡಿ ದಯವಿಟ್ಟು. ಉಳಿದಿರುವ ಕಿವಿಗೂ ಅದರಿಂದ ಪೆಟ್ಟು.

ಕನ್ನಡಕದ ಬಗ್ಗೆ: ಕಡ್ಡಿ ಹಾದು ಹೋಗುವಲ್ಲಿ ಪ್ಯಾಡ್‌ಗೂ ತಲೆಗೂ ನಡುವೆ ಸಂದು ಬಿಡುತ್ತದೆ, ಬೇಸ್ ಅಲ್ಲಿಂದ ಸೋರಿ ಹೋಗುತ್ತದೆ. ತೆಳು ಕಡ್ಡಿಯ ಕನ್ನಡಕ ಹಾಕಿಕೊಂಡೇ ಹೆಡ್‌ಫೋನ್ ಪರೀಕ್ಷಿಸಲಿ. ಸೆನ್‌ಹೈಸರ್ ಎಚ್‌ಡಿ 280 ಪ್ರೊ ಒಳ್ಳೆಯದೇ, ಆದರೆ ಬಿಗಿ ಜಾಸ್ತಿ, ಕನ್ನಡಕದವರಿಗೆ ನಾನು ಹೇಳುವುದಿಲ್ಲ.

ಹುಬ್ಬಳ್ಳಿ ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಮೊದಲು ಶ್ರವಣ ಪರೀಕ್ಷೆ ಮಾಡಿಸಿದೆವು. ಬಲ ಕಿವಿಯಲ್ಲಿ 4000 ಹರ್ಟ್ಸ್‌ನಿಂದ ಮೇಲೆ ಇಳಿದಿದೆ, ಎಡ ಪರವಾಗಿಲ್ಲ. ಆರು ತಿಂಗಳು ಬಿಟ್ಟು ಮತ್ತೆ ಬನ್ನಿ ಅಂದಿದ್ದಾರೆ. ಎಂ20ಎಕ್ಸ್ ತಗೊಂಡೆವು. ಅಪ್ಪ ಕನ್ನಡಕ ಹಾಕಿಕೊಂಡೇ ಅಂಗಡಿಯಲ್ಲಿ ಕಾಲು ಗಂಟೆ ಕೂತು ನೋಡಿದರು, ಒತ್ತಲಿಲ್ಲ ಅಂದರು. ಡಾಂಗಲ್ ಸೇರಿ ಬಜೆಟ್ ಒಳಗೇ ಮುಗಿಯಿತು. ಫೋನಿನ ಸೌಂಡ್ ಅರ್ಧಕ್ಕಿಂತ ಸ್ವಲ್ಪ ಮೇಲೆ ಇಟ್ಟರೇ ಸಾಕಾಗುತ್ತಿದೆ.

ಕಾಕಾ, ನಿನ್ನೆ ರಾತ್ರಿ ಟೇಪ್ ರೆಕಾರ್ಡರ್ ಇಳಿಸಿ ಹೆಡ್ ಒರೆಸಿದೆ. ನಾಲ್ಕು ಹತ್ತಿ ಉಂಡೆ ಕಂದಾದವು. ಆಮೇಲೆ ಮನ್ಸೂರರ ಒಂದು ಕ್ಯಾಸೆಟ್ ಹಾಕಿ, ಅಪ್ಪನ ತಲೆಗೆ ಹೆಡ್‌ಫೋನ್ ಹಾಕಿ, ನಾನು ಸ್ಕ್ರೂ ಹಿಡಿದು ಕೂತೆ. ಸ್ವಲ್ಪ ತಿರುಗಿಸಿದೆ, ಅಪ್ಪ ತಲೆ ಅಲ್ಲಾಡಿಸಿ ಬೇಡ ಅಂದರು. ಇನ್ನೊಂದು ಕಡೆಗೆ ಒಂದೆಳೆ ತಿರುಗಿಸಿದೆ. ಥಟ್ಟನೆ ನನ್ನ ಕೈ ಹಿಡಿದುಕೊಂಡರು. "ಅಲ್ಲೇ ಇರಲಿ, ಮುಟ್ಟಬೇಡ" ಅಂದರು. ಕಣ್ಣು ಮುಚ್ಚಿ ಬಹಳ ಹೊತ್ತು ಕೂತಿದ್ದರು. ಆಮೇಲೆ ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ಹಾಕಿದರು. ಹಾಡಿನ ಹಿಂದೆ ತಂಬೂರಿ ಇತ್ತು, ಸಣ್ಣಗೆ, ಒಂದೇ ಸಮ.

ಈಗ ಎಲ್ಲ ಕ್ಯಾಸೆಟ್ ಮತ್ತೆ ಇಳಿಸಬೇಕು, 43 ಇವೆ. ಒಂದು ಸಲ ಸರಿ ಮಾಡಿದ ಸ್ಕ್ರೂ ಹಾಗೇ ಬಿಡಬಹುದಾ, ಇಲ್ಲಾ ಬಿ ಸೈಡ್‌ಗೆ ಮತ್ತೆ ನೋಡಬೇಕಾ?

ಕ್ಯಾಸೆಟ್ ಕಾಕಾ:

ನೋಡಬೇಕು ತಂಗಿ. ಪ್ರತಿ ಕ್ಯಾಸೆಟ್‌ಗೆ, ಎರಡೂ ಸೈಡ್‌ಗೆ. ಒಂದೇ ಮಿಷನ್ನಿನಲ್ಲಿ ತುಂಬಿಸಿದ್ದರೆ ಹೆಚ್ಚು ವ್ಯತ್ಯಾಸ ಇರುವುದಿಲ್ಲ, ಆದರೂ ಶುರುವಿನ ಎರಡು ನಿಮಿಷ ಕೇಳಿಯೇ ಮುಂದೆ ಹೋಗು. ಅಪ್ಪನನ್ನು ಪಕ್ಕದಲ್ಲೇ ಕೂರಿಸಿಕೋ. ಎಂಪಿ3 ಬೇಡ, ಈ ಸಲ ಮೊದಲು ಫ್ಲ್ಯಾಕ್ (ದನಿ ಏನೂ ಕಳೆಯದ ಫೈಲು) ಮಾಡಿಟ್ಟುಕೋ, ಫೋನಿಗೆ ಬೇಕಾದರೆ ಅದರಿಂದ ಎಂಪಿ3 ಮಾಡಬಹುದು. ಟೇಪ್ ಎಲ್ಲಾದರೂ ಕಿರುಗುಟ್ಟಿ ನಿಧಾನವಾದರೆ ಅಲ್ಲೇ ನಿಲ್ಲಿಸಿ ನನಗೆ ಬರೆ, ಎಳೆಯಬೇಡ.