ಸಹಾಯ ಬೇಕು: ನಾಲ್ಕು ಸ್ನಾನಗೃಹಗಳಿಗೆ ಎಷ್ಟು ಲೀಟರಿನ ಪ್ರೆಶರ್ ಟ್ಯಾಂಕ್?

ಮೈಸೂರಿನಲ್ಲಿ ನಾಲ್ಕು ಸ್ನಾನಗೃಹಗಳಿರುವ ನಮ್ಮ ಮನೆಯ ಮೇಲಿನ ಮಹಡಿಯ ಶವರ್‌ಗೆ ಒತ್ತಡ ಸಾಲದ ಕಾರಣ, ತಾರಸಿಯ ಟ್ಯಾಂಕಿಗೆ ಪ್ರೆಶರ್ ಪಂಪ್ ಜೋಡಿಸುತ್ತಿದ್ದೇವೆ. ಕೊಳವೆಯಲ್ಲಿನ ಒತ್ತಡ 1.5 ಬಾರ್‌ಗೆ (ಬಾರ್ ಎಂದರೆ ಒತ್ತಡದ ಅಳತೆ) ಇಳಿದಾಗ ಪಂಪು ಚಾಲೂ ಆಗಿ, 3 ಬಾರ್‌ಗೆ ಏರಿದಾಗ ನಿಲ್ಲುತ್ತದೆ. ಪಂಪಿಗೆ ಜೋಡಿಸುವ, ಒಳಗಿನ ಗಾಳಿಯ ಒತ್ತಡದಿಂದ ನೀರನ್ನು ಹೊರದೂಡುವ 24 ಲೀಟರಿನ ಪ್ರೆಶರ್ ಟ್ಯಾಂಕ್ ಧಾರಾಳವಾಯಿತು ಎಂದು ಅಂಗಡಿಯವರು ಹೇಳುತ್ತಾರೆ (ಅವರ ಬಳಿ ಇರುವುದೂ ಅದೊಂದೇ). ಆದರೆ ಒಳಗಿನ ಗಾಳಿಯನ್ನು 1.3 ಬಾರ್‌ಗೆ ತುಂಬಿಸಿದರೂ, ಪಂಪು ಮತ್ತೆ ಚಾಲೂ ಆಗುವ ಮೊದಲು ಅದರಿಂದ ಸಿಗುವ ನೀರು ಸುಮಾರು 8 ಲೀಟರ್ ಮಾತ್ರ. ಎರಡು ಶವರ್‌ಗಳು ಒಟ್ಟಿಗೆ ನಿಮಿಷಕ್ಕೆ 20 ಲೀಟರ್ ಎಳೆದರೆ ಅದು ಅರ್ಧ ನಿಮಿಷಕ್ಕೂ ಸಾಲದು. ಸ್ನಾನದ ಹೊತ್ತಿನಲ್ಲಿ ಪಂಪು ಓಡುತ್ತಲೇ ಇದ್ದರೆ ಅಡ್ಡಿಯಿಲ್ಲ. ಕೈತೊಳೆಯುವ ನಲ್ಲಿ ತಿರುಗಿಸಿದಾಗಲೆಲ್ಲ ಚಾಲೂ ಆಗಿ ನಿಂತು ಮೋಟಾರು ಸವೆಯಬಾರದು ಎಂಬುದೇ ನನ್ನ ಕಾಳಜಿ. 60 ಅಥವಾ 100 ಲೀಟರಿನ ಟ್ಯಾಂಕ್ ಹಾಕಿಸಿಕೊಂಡವರು ತಮ್ಮ ಪಂಪಿನ ಶಕ್ತಿಯನ್ನೂ, ಟ್ಯಾಂಕಿನೊಳಗಿನ ರಬ್ಬರ್ ಚೀಲ ಎಷ್ಟು ವರ್ಷ ಬಾಳಿತೆಂಬುದನ್ನೂ ದಯವಿಟ್ಟು ತಿಳಿಸಬೇಕಾಗಿ ವಿನಂತಿ.