ಪೇಟೆಯ ನಡುವೆ ಬೇಸ್‌ಬಾಲ್ ಮೈದಾನ: ನಗರ ಹಣ ಹಾಕಬೇಕೆ?

ಪ್ರಶ್ನೆ (ವೂಸ್ಟರ್, ಮ್ಯಾಸಚೂಸೆಟ್ಸ್)

ಎಲ್ಲರಿಗೂ ನಮಸ್ಕಾರ. ಬಾಸ್ಟನ್ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡದ ಕೆಳಹಂತದ (ಮೈನರ್ ಲೀಗ್) ತಂಡವು ದಶಕಗಳ ಕಾಲ ರೋಡ್ ಐಲೆಂಡ್‌ನ ಪಟಕೆಟ್‌ನಲ್ಲಿ ಆಡುತ್ತಿತ್ತು. ಅಲ್ಲಿ ಹೊಸ ಮೈದಾನದ ಮಾತುಕತೆ ಮುರಿದುಬಿದ್ದ ಮೇಲೆ, 2018ರ ಆಗಸ್ಟ್‌ನಲ್ಲಿ, ನಾನು ವಾಸವಾಗಿರುವ ವೂಸ್ಟರ್ ನಗರವು ಆ ತಂಡವನ್ನು ಕರೆತರಲು ಒಪ್ಪಂದ ಮಾಡಿಕೊಂಡಿತು. ಕೆನಾಲ್ ಡಿಸ್ಟ್ರಿಕ್ಟ್‌ನಲ್ಲಿ ಹಿಂದೆ ವೈಮನ್-ಗಾರ್ಡನ್ ಕಾರ್ಖಾನೆಗೆ ಸೇರಿದ್ದ ಜಾಗದಲ್ಲಿ ನಗರವೇ ಸಾಲ ಎತ್ತಿ ಪೋಲಾರ್ ಪಾರ್ಕ್ ಎಂಬ ಮೈದಾನ ಕಟ್ಟಿಸಿತು; 2021ರ ಮೇ ತಿಂಗಳಲ್ಲಿ ಮೊದಲ ಪಂದ್ಯ ನಡೆಯಿತು. ಆರಂಭದಲ್ಲಿ ಸುಮಾರು 9 ಕೋಟಿ ಡಾಲರ್ ಎಂದಿದ್ದ ಅಂದಾಜು ಕೊನೆಗೆ ಸುಮಾರು 16 ಕೋಟಿಗೆ ಹೋಗಿ ನಿಂತಿತು.

ಮೈದಾನ ಚೆನ್ನಾಗಿದೆ ಎಂಬುದರಲ್ಲಿ ನನಗೆ ತಕರಾರಿಲ್ಲ. ಊರಿನ ದೂರವಾಣಿ ಸಂಕೇತ 508 ಆಗಿರುವುದರಿಂದ ಪ್ರೇಕ್ಷಕರ ಮಿತಿಯನ್ನೂ 9,508 ಎಂದೇ ಇಟ್ಟಿದ್ದಾರೆ. ವಾಹನ ಚಾಲಕರಿಗೆ ಸಿಂಹಸ್ವಪ್ನವಾಗಿದ್ದ ಪಕ್ಕದ ಕೆಲ್ಲಿ ಸ್ಕ್ವೇರ್ ಕೂಡುರಸ್ತೆಯನ್ನು ರಾಜ್ಯ ಸರ್ಕಾರ ಕಡಲೆಕಾಯಿ ಆಕಾರದ ವೃತ್ತವನ್ನಾಗಿ ಮಾಡಿದೆ. ಪಂದ್ಯವಿರುವ ಸಂಜೆ ಆ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜನವರಿಯಲ್ಲಿ ಅದೇ ದಾರಿಯಲ್ಲಿ ಹೋದರೆ ಬೀಗ ಹಾಕಿದ ಗೇಟುಗಳೂ ಹಿಮದ ರಾಶಿಯೂ ಮಾತ್ರ ಕಾಣುತ್ತವೆ. ಮೈದಾನದ ಸುತ್ತ ಏಳುವ ಹೊಸ ಕಟ್ಟಡಗಳ ತೆರಿಗೆಯಿಂದಲೇ ಸಾಲ ತೀರುತ್ತದೆ, ಸಾಮಾನ್ಯ ತೆರಿಗೆದಾರರ ಮೇಲೆ ಹೊರೆ ಬೀಳುವುದಿಲ್ಲ ಎಂದು ಆಗ ನಗರಾಡಳಿತ ಹೇಳಿತ್ತು. ಆ ಕಟ್ಟಡಗಳಲ್ಲಿ ಕೆಲವು ತಡವಾದವು, ಕೆಲವುಗಳ ಯೋಜನೆಯೇ ಬದಲಾಯಿತು. ಹೀಗಿರುವಾಗ ಒಂದು ನಗರವು ಇಂಥ ಮೈದಾನಕ್ಕೆ ತನ್ನ ಹಣ ಹಾಕುವುದು ಸರಿಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1 (ಸ್ಥಳೀಯ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿರುವವರು)

ನಿಮ್ಮ ಪ್ರಶ್ನೆಯ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಇರುವಷ್ಟು ಒಮ್ಮತ ಬೇರೆ ಯಾವ ವಿಷಯದಲ್ಲೂ ಸಿಗುವುದು ಕಷ್ಟ. ಬ್ರಾಡ್‌ಬರಿ, ಕೋಟ್ಸ್ ಮತ್ತು ಹಂಫ್ರೀಸ್ ಎಂಬ ಮೂವರು ಈ ಕುರಿತ ಹಲವು ದಶಕಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಕ್ರೀಡಾಂಗಣಗಳಿಂದ ಊರಿಗೆ ಆಗುವ ಆರ್ಥಿಕ ಲಾಭವು ಅದಕ್ಕೆ ಸುರಿಯುವ ಸಾರ್ವಜನಿಕ ಹಣಕ್ಕೆ ಸಮನಾಗುವುದಿಲ್ಲ ಎಂಬ ನಿಲುವಿಗೆ ಬಂದಿದ್ದಾರೆ. ಕಾರಣ ಸರಳವಾಗಿದೆ: ಶುಕ್ರವಾರ ಸಂಜೆ ನಾಲ್ವರ ಕುಟುಂಬವೊಂದು ಪಂದ್ಯಕ್ಕೆ ಕೊಡುವ ಹಣ ಆಕಾಶದಿಂದ ಬಿದ್ದದ್ದಲ್ಲ, ಅದೇ ಊರಿನ ಹೋಟೆಲಿಗೋ ಚಿತ್ರಮಂದಿರಕ್ಕೋ ಹೋಗಬೇಕಾಗಿದ್ದ ಹಣವೇ ದಾರಿ ಬದಲಿಸಿ ಮೈದಾನಕ್ಕೆ ಬಂದಿರುತ್ತದೆ. ಮೈನರ್ ಲೀಗ್ ಮಟ್ಟದಲ್ಲಿ ಮಾತ್ರ ಚಿತ್ರ ಸ್ವಲ್ಪ ಬೇರೆ ಎನ್ನುವವರೂ ಇದ್ದಾರೆ. ನೋಲಾ ಆಘಾ ಎಂಬ ವಿದ್ವಾಂಸರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟ್ರಿಪಲ್-ಎ (ಮೈನರ್ ಲೀಗ್‌ನ ಅತಿ ಮೇಲಿನ ದರ್ಜೆ) ಸೇರಿದಂತೆ ಕೆಲವು ದರ್ಜೆಯ ತಂಡಗಳಿರುವ ಊರುಗಳಲ್ಲಿ ತಲಾ ಆದಾಯದ ಮೇಲೆ ಒಳ್ಳೆಯ ಪರಿಣಾಮ ಕಂಡಿತ್ತು. ಆದ್ದರಿಂದ ಬಾಗಿಲು ಪೂರ್ತಿ ಮುಚ್ಚಿದೆ ಎಂದು ನಾನು ಹೇಳಲಾರೆ.

ಆದರೆ ನಿಮ್ಮ ರಾಜ್ಯದಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿಯಿದೆ. 1980ರಲ್ಲಿ ಮತದಾರರು ಒಪ್ಪಿದ ಕಾನೂನಿನಂತೆ ಮ್ಯಾಸಚೂಸೆಟ್ಸ್‌ನ ಊರುಗಳು ಆಸ್ತಿ ತೆರಿಗೆಯ ಒಟ್ಟು ವಸೂಲಿಯನ್ನು ವರ್ಷಕ್ಕೆ ಶೇ. 2.5ಕ್ಕಿಂತ ಹೆಚ್ಚು ಏರಿಸಬೇಕಾದರೆ ಜನರ ಮತ ಕೇಳಬೇಕು. ಹೊಸ ಕಟ್ಟಡಗಳಿಂದ ಬರುವ ತೆರಿಗೆ ಮಾತ್ರ ಈ ಮಿತಿಯ ಹೊರಗಿದೆ. ಅಂದರೆ ಶಾಲೆ, ರಸ್ತೆ, ಅಗ್ನಿಶಾಮಕ ಸಿಬ್ಬಂದಿಯ ಖರ್ಚು ಬೆಳೆದಂತೆ ಅದನ್ನು ಭರಿಸಲು ನಗರಕ್ಕೆ ಸುಲಭವಾಗಿ ಸಿಗುವ ಹೆಚ್ಚುವರಿ ಆದಾಯವೆಂದರೆ ಅದೊಂದೇ. ಮೈದಾನದ ಸುತ್ತ ಒಂದು ಗಡಿ ಎಳೆದು, ಅದರೊಳಗಿನ ಹೊಸ ತೆರಿಗೆಯನ್ನು ಸಾಲಕ್ಕೆ ಮುಡಿಪಾಗಿಟ್ಟಾಗ ಆ ಆದಾಯದ ಒಂದು ಪಾಲನ್ನು ದಶಕಗಳ ಕಾಲ ಒತ್ತೆ ಇಟ್ಟಂತಾಗುತ್ತದೆ. ಮೈದಾನ ಬಾರದಿದ್ದರೆ ಆ ಕಟ್ಟಡಗಳೂ ಬರುತ್ತಿರಲಿಲ್ಲ ಎಂದು ಸಾಬೀತಾದರೆ ಮಾತ್ರ ಅದಕ್ಕೆ ಹೊರೆಯಿಲ್ಲದ ಹಣ ಎನ್ನಬಹುದು. ಕೆನಾಲ್ ಡಿಸ್ಟ್ರಿಕ್ಟ್‌ನಲ್ಲಿ ಊಟದ ಮನೆಗಳೂ ಮಳಿಗೆಗಳೂ 2018ಕ್ಕೆ ಮೊದಲೇ ಬೇರುಬಿಟ್ಟಿದ್ದವು ಎಂಬುದನ್ನು ಮರೆಯಬಾರದು.

ಉತ್ತರ 2 (ಹಾರ್ಟ್‌ಫರ್ಡ್, ಕನೆಕ್ಟಿಕಟ್)

ನಾನು ಹಾರ್ಟ್‌ಫರ್ಡ್‌ನ ವಿಮಾ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ವೂಸ್ಟರ್‌ನವರಿಗೆ ತಮ್ಮ ಯೋಜನೆ ದುಬಾರಿಯಾಯಿತು ಎನಿಸುವುದು ಸಹಜ, ಆದರೆ ಅವರ ಮೈದಾನ ಹೇಳಿದ ಕಾಲಕ್ಕೆ ಸುಮಾರಾಗಿ ತೆರೆಯಿತಲ್ಲ. ನಮ್ಮಲ್ಲಿ ಅದೂ ಆಗಲಿಲ್ಲ. ಕೆಲವೇ ಮೈಲಿ ದೂರದ ನ್ಯೂ ಬ್ರಿಟನ್‌ನಿಂದ ತಂಡವನ್ನು ಕರೆತರುವುದಾಗಿ 2014ರಲ್ಲಿ ಪ್ರಕಟಿಸಿದರು. ಒಂದೇ ರಾಜ್ಯದ ಒಂದು ಬಡ ನಗರದಿಂದ ತಂಡವನ್ನು ಕಿತ್ತು ಇನ್ನೊಂದು ಬಡ ನಗರದಲ್ಲಿ ನೆಡುವುದಕ್ಕೆ ಅಭಿವೃದ್ಧಿ ಎಂಬ ಹೆಸರು ಹೇಗೆ ಒಪ್ಪುತ್ತದೆಂದು ನನಗೆ ಇಂದಿಗೂ ತಿಳಿದಿಲ್ಲ. 5.6 ಕೋಟಿ ಡಾಲರ್ ಎಂದಿದ್ದ ಖರ್ಚು 7 ಕೋಟಿ ದಾಟಿತು. 2016ರ ಏಪ್ರಿಲ್‌ಗೆ ಮೈದಾನ ಸಿದ್ಧವಾಗಲಿಲ್ಲ; ಜೂನ್‌ನಲ್ಲಿ ನಗರವು ಗುತ್ತಿಗೆದಾರರನ್ನು ಕೆಲಸದಿಂದ ಹೊರಹಾಕಿತು. ಯಾರ್ಡ್ ಗೋಟ್ಸ್ ಎಂಬ ಹೆಸರು ಪಡೆದಿದ್ದ ಆ ತಂಡವು ಆ ವರ್ಷವಿಡೀ ತವರಿನಲ್ಲಿ ಒಂದೂ ಪಂದ್ಯವಾಡದೆ ಊರೂರು ಸುತ್ತಿತು. 2017ರಲ್ಲಿ ಬಾಗಿಲು ತೆರೆದ ಮೇಲೆ ಜನ ಬಂದರು, ತಂಡವೂ ಜನಪ್ರಿಯವಾಯಿತು. ಅದನ್ನು ಒಪ್ಪಿಕೊಳ್ಳದಿದ್ದರೆ ಅನ್ಯಾಯವಾಗುತ್ತದೆ.

ಆದರೆ ನಿಜವಾದ ನಷ್ಟವಿದ್ದದ್ದು ಮೈದಾನದ ಹೊರಗೆ. ಸುತ್ತಲಿನ ನಿವೇಶನಗಳಲ್ಲಿ ಮನೆಗಳನ್ನೂ ಅಂಗಡಿಗಳನ್ನೂ ಕಟ್ಟುವ ಹಕ್ಕು ಅದೇ ಗುತ್ತಿಗೆದಾರರ ಕೈಯಲ್ಲಿತ್ತು. ಅವರೊಂದಿಗೆ ವ್ಯಾಜ್ಯ ಶುರುವಾದದ್ದೇ ತಡ, ಆ ಜಾಗಗಳೆಲ್ಲ ನ್ಯಾಯಾಲಯದ ಕಡತದೊಳಗೆ ಸೇರಿಕೊಂಡವು. ವರ್ಷಗಳ ಕಾಲ ನಾವು ನೋಡಿದ್ದು, ಹೊಚ್ಚಹೊಸ ಮೈದಾನದ ಎದುರಿಗೆ ಬೇಲಿ ಹಾಕಿದ ಖಾಲಿ ನಿವೇಶನಗಳನ್ನು. 2018ರಲ್ಲಿ ದಿವಾಳಿಯ ಅಂಚಿಗೆ ಬಂದಿದ್ದ ನಗರದ ಸುಮಾರು 55 ಕೋಟಿ ಡಾಲರ್ ಸಾಲದ ಹೊಣೆಯನ್ನು ರಾಜ್ಯ ಸರ್ಕಾರ ಹೊತ್ತುಕೊಂಡಿತು. ದಿವಾಳಿತನಕ್ಕೆ ಮೈದಾನವೇ ಕಾರಣವೆನ್ನುವುದು ತಪ್ಪು. ಹಾರ್ಟ್‌ಫರ್ಡ್‌ನ ಅರ್ಧದಷ್ಟು ಆಸ್ತಿಗೆ, ಅಂದರೆ ಸರ್ಕಾರಿ ಕಚೇರಿ, ಆಸ್ಪತ್ರೆ, ಕಾಲೇಜುಗಳಿಗೆ, ತೆರಿಗೆಯೇ ಇಲ್ಲದಿರುವುದು ಹಳೆಯ ಕಾಯಿಲೆ. ಅಂಥ ನಿಶ್ಶಕ್ತ ಖಜಾನೆಯಿರುವಾಗ ಈ ಸಾಹಸಕ್ಕೆ ಕೈಹಾಕಿದ್ದು ಸರಿಯೇ ಎಂದು ಮಾತ್ರ ನಾನು ಕೇಳುತ್ತೇನೆ.

ಉತ್ತರ 3 (ಕ್ಯಾರಿ, ನಾರ್ತ್ ಕ್ಯಾರೊಲೈನಾ)

ಇಬ್ಬರೂ ಸೋತ ಕಥೆಗಳನ್ನೇ ಹೇಳಿದ್ದೀರಿ. ನಮ್ಮ ಪಕ್ಕದ ಡರ್ಹಮ್ ಅನ್ನೂ ಒಮ್ಮೆ ನೋಡಿ. ಹೊಸ ಮೈದಾನಕ್ಕೆ ಬಾಂಡ್ ಎತ್ತುವ ಪ್ರಸ್ತಾವವನ್ನು ಅಲ್ಲಿನ ಮತದಾರರು 1990ರಲ್ಲಿ ತಿರಸ್ಕರಿಸಿದ್ದರು. ಆದರೂ ನಗರಸಭೆಯು ಜನಮತದ ಅಗತ್ಯವಿಲ್ಲದ ಬೇರೆ ಬಗೆಯ ಸಾಲಪತ್ರಗಳ ಮೂಲಕ ಹಣ ಹೊಂದಿಸಿ, 1995ರಲ್ಲಿ ಡೌನ್‌ಟೌನ್‌ನಲ್ಲೇ ಡರ್ಹಮ್ ಬುಲ್ಸ್ ತಂಡದ ಮೈದಾನ ತೆರೆಯಿತು. ಪಕ್ಕದಲ್ಲಿ 1987ರಿಂದ ಮುಚ್ಚಿಬಿದ್ದಿದ್ದ ಅಮೆರಿಕನ್ ಟೊಬ್ಯಾಕೊ ಸಿಗರೇಟು ಕಾರ್ಖಾನೆಯಿತ್ತು. ಕೆಂಪು ಇಟ್ಟಿಗೆಯ ಆ ಕಟ್ಟಡಗಳು ಇಂದು ಕಚೇರಿ, ಹೋಟೆಲು, ಮನೆಗಳಿಂದ ತುಂಬಿವೆ. ಅಲ್ಲಿ ಕೆಲಸಕ್ಕೆ ಹೋಗುವ ಕನ್ನಡಿಗರೇ ಎಷ್ಟೋ ಮಂದಿ ನನಗೆ ಪರಿಚಯ.

ಜನರ ಮತವನ್ನು ಪಕ್ಕಕ್ಕಿಟ್ಟು ಕಟ್ಟಿದ್ದು ಸರಿಯೆಂದು ನಾನು ವಾದಿಸುವುದಿಲ್ಲ. ಅದು ನುಂಗಲಾರದ ತುತ್ತೇ. ಆದರೆ ನಗರಕೇಂದ್ರಕ್ಕೆ ಸಂಜೆ ಆರರ ಮೇಲೆ ಯಾರೂ ಕಾಲಿಡದಿದ್ದ ಕಾಲದಲ್ಲಿ, ಮಕ್ಕಳನ್ನು ಕರೆದುಕೊಂಡು ಸಾವಿರಾರು ಜನ ಅಲ್ಲಿಗೆ ಬರಲು ಶುರುಮಾಡಿದ್ದು ಮೈದಾನದಿಂದಲೇ. ಇದನ್ನು ತಲಾ ಆದಾಯದ ಕೋಷ್ಟಕದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು

ಡರ್ಹಮ್‌ನಲ್ಲಿ ಕಾರ್ಖಾನೆಯನ್ನು ನವೀಕರಿಸಿದವರು ಯಾರು? ಮೈದಾನವನ್ನು ನೋಡಿ ಹೊರಗಿನ ಬಂಡವಾಳ ತಾನಾಗಿ ಬಂದಿತೆ?

ಉತ್ತರ 3ರವರು

ಇಲ್ಲ. ತಂಡದ ಒಡೆತನವಿರುವ ಕ್ಯಾಪಿಟಲ್ ಬ್ರಾಡ್‌ಕಾಸ್ಟಿಂಗ್ ಕಂಪನಿಯೇ ಆ ಕೆಲಸವನ್ನು ಕೈಗೆತ್ತಿಕೊಂಡಿತು. ಮೊದಲ ಹಂತ ತೆರೆದದ್ದು 2004ರಲ್ಲಿ, ಮೈದಾನ ಬಂದು ಒಂಬತ್ತು ವರ್ಷಗಳಾದ ಮೇಲೆ.

ಉತ್ತರ 1ರವರು

ಈ ಉತ್ತರವೇ ನನ್ನ ಪ್ರಕಾರ ಇಡೀ ಚರ್ಚೆಯ ಕೀಲಿಕೈ. ಡರ್ಹಮ್‌ನಲ್ಲಿ ತಂಡದ ಮಾಲೀಕರೇ ಸುತ್ತಲಿನ ಜಾಗಕ್ಕೂ ತಮ್ಮ ಹಣ ಹಾಕಿದರು, ಅವರ ಕಂಪನಿಯೂ ಪಕ್ಕದ ರಾಲಿಯದ್ದೇ. ಆದ್ದರಿಂದ ಊರು ಬೆಳೆದರೆ ಅವರಿಗೂ ಲಾಭವಿತ್ತು. ಹಾಗಿದ್ದೂ ಒಂಬತ್ತು ವರ್ಷ ಹಿಡಿಯಿತು. ವೂಸ್ಟರ್‌ನಲ್ಲಿ ಕಟ್ಟಡ ಕಟ್ಟುವವರೇ ಬೇರೆ, ತಂಡದವರೇ ಬೇರೆ. ತಂಡದ ಮಾಲೀಕತ್ವವಂತೂ ಮೈದಾನ ತೆರೆದ ಕೆಲವೇ ವರ್ಷಗಳಲ್ಲಿ ದೇಶದುದ್ದಕ್ಕೂ ಹತ್ತಾರು ಮೈನರ್ ಲೀಗ್ ತಂಡಗಳನ್ನು ಹೊಂದಿರುವ ಡೈಮಂಡ್ ಬೇಸ್‌ಬಾಲ್ ಹೋಲ್ಡಿಂಗ್ಸ್ ಎಂಬ ಕಂಪನಿಗೆ ಹೋಯಿತು. ಸಾಲದ ಕಂತು ಮಾತ್ರ ಯಾರಿಗೂ ಕಾಯದೆ ಮೊದಲ ವರ್ಷದಿಂದಲೇ ಬರುತ್ತದೆ.

ಉತ್ತರ 4 (ಡಲ್ಲಾಸ್ ಪ್ರದೇಶ, ಟೆಕ್ಸಸ್)

ತಂಡವೇ ಹೋಗಿಬಿಟ್ಟರೆ ಮೈದಾನ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೊಂದು ನಿದರ್ಶನವಿದೆ. ಇದು ಡೌನ್‌ಟೌನ್ ಅಲ್ಲ, ಕುದುರೆ ಜೂಜಿನ ಮೈದಾನದ ಪಕ್ಕದ ಜಾಗ. ಆದರೂ ಪ್ರಸ್ತುತವೆಂದು ಹೇಳುತ್ತಿದ್ದೇನೆ. ಗ್ರ್ಯಾಂಡ್ ಪ್ರೇರಿ ನಗರವು ಮತದಾರರು ಒಪ್ಪಿದ ಮಾರಾಟ ತೆರಿಗೆಯ ನೆರವಿನಿಂದ ಕಟ್ಟಿಸಿದ ಬೇಸ್‌ಬಾಲ್ ಮೈದಾನ 2008ರಲ್ಲಿ ತೆರೆಯಿತು. ಸ್ವತಂತ್ರ ಲೀಗ್‌ನ, ಅಂದರೆ ಯಾವ ದೊಡ್ಡ ತಂಡದ ಅಂಗವೂ ಅಲ್ಲದ, ಏರ್‌ಹಾಗ್ಸ್ ಎಂಬ ತಂಡ ಅಲ್ಲಿ ಆಡುತ್ತಿತ್ತು. 2020ರಲ್ಲಿ ಆ ತಂಡ ಮುಚ್ಚಿಹೋಯಿತು. ಆ ಮೈದಾನವನ್ನೇ ಕ್ರಿಕೆಟ್‌ಗೆ ಮಾರ್ಪಡಿಸಿ, 2023ರ ಜುಲೈನಲ್ಲಿ ಮೇಜರ್ ಲೀಗ್ ಕ್ರಿಕೆಟ್‌ನ ಮೊದಲ ಪಂದ್ಯ ಆಡಿಸಿದರು. 2024ರ ಟಿ20 ವಿಶ್ವಕಪ್‌ನಲ್ಲಿ ಅಮೆರಿಕ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಸೋಲಿಸಿದ್ದು ಅಲ್ಲೇ. ನಮ್ಮ ಚಿಕ್ಕಮಗಳೂರು ಮೂಲದ ನೊಸ್ತುಷ್ ಕೆಂಜಿಗೆ ಅಂದು ಮೂರು ವಿಕೆಟ್ ಪಡೆದಿದ್ದರು. ಸಂತೋಷವೇ. ಆದರೆ ಖಾಲಿ ಮೈದಾನವಿರುವ ಪ್ರತಿ ಊರಿಗೂ ಕ್ರಿಕೆಟ್ ಬಂದು ಕೈಹಿಡಿಯುವುದಿಲ್ಲ. ಇಲ್ಲಿ ಸುತ್ತಮುತ್ತ ಲಕ್ಷಾಂತರ ದಕ್ಷಿಣ ಏಷ್ಯಾದವರಿದ್ದದ್ದರಿಂದ ಇದು ಸಾಧ್ಯವಾಯಿತು.

ಉತ್ತರ 1ರವರು

ಒಂದು ಮಾತು ಸೇರಿಸುತ್ತೇನೆ. ದೇಶದ ಅಗ್ರ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್ 2021ರಿಂದ ತನ್ನ ಮೈನರ್ ಲೀಗ್ ಅಂಗತಂಡಗಳನ್ನು 160ರಿಂದ 120ಕ್ಕೆ ಇಳಿಸಿತು. ಉಳಿದವರ ಮೈದಾನಗಳಲ್ಲಿ ಆಟಗಾರರ ಕೊಠಡಿ, ದೀಪ, ಅಭ್ಯಾಸದ ಜಾಗ ಹೇಗಿರಬೇಕೆಂದು ಹೊಸ ನಿಯಮಗಳನ್ನೂ ಹೇರಿತು. ಆಟಗಾರರ ಸಂಬಳವನ್ನು ಮೇಲಿನ ತಂಡವೇ ಕೊಡುತ್ತದೆ. ಆದರೆ ಮೈದಾನ ನಗರದ್ದಾದ ಕಡೆ ಆ ನಿಯಮಗಳ ಖರ್ಚು ಬಹುಮಟ್ಟಿಗೆ ನಗರದ ತಲೆಗೆ ಬರುತ್ತದೆ. ಆದ್ದರಿಂದ ಪ್ರಸ್ತಾವ ಬಂದಾಗ ನಗರಸಭೆಯ ಸಭೆಗೆ ಹೋಗಿ ನಾನು ಮೊದಲು ಕೇಳುವುದು ಲಾಭದ ಅಂದಾಜನ್ನಲ್ಲ, ಗುತ್ತಿಗೆ ಕರಾರಿನ ಪ್ರತಿಯನ್ನು. ಅಂದಾಜು ಮೀರಿದ ಖರ್ಚು ಯಾರದು, ಮುಂದೆ ಬದಲಾಗುವ ನಿಯಮಗಳ ಖರ್ಚು ಯಾರದು, ಪಕ್ಕದ ಕಟ್ಟಡ ಹೇಳಿದ ವರ್ಷಕ್ಕೆ ಏಳದಿದ್ದರೆ ಅದರ ತೆರಿಗೆಯಷ್ಟು ಹಣವನ್ನು ಕಟ್ಟಡದವರು ತುಂಬಿಕೊಡುತ್ತಾರೆಯೇ, ಸಾಲ ತೀರುವ ಮುನ್ನ ತಂಡ ಹೊರಟರೆ ಉಳಿದ ಅಸಲನ್ನು ಕಟ್ಟುವವರು ಯಾರು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲದಿದ್ದರೆ ನನ್ನ ಮತ ಬೇಡ ಎಂಬ ಕಡೆಗೆ. ಉತ್ತರವಿದ್ದು, ನಗರದ ಪಾಲು ಜಮೀನು, ರಸ್ತೆ, ಒಳಚರಂಡಿಗಳಿಗೆ ಸೀಮಿತವಾಗಿದ್ದರೆ, ಹಾಕಲಿ ಎನ್ನುತ್ತೇನೆ.